ಗುಳಿಗೆ ನುಂಗದವನ ಲಕ್ಷಣಗಳು

ಸಿದ್ದಲಿಂಗನ ಮಾನ ಹೋದದ್ದು ಕಣ್ಣಿಗೆ ಬಿದ್ದ ಎರಡು ಹನಿ ಔಷಧದಿಂದ.

ಇಂಡಿ ಪಟ್ಟಣದ ಒಂದು ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರದ ಹಂಗಾಮಿ ಉಪನ್ಯಾಸಕ. ವಯಸ್ಸು ಮೂವತ್ತು ದಾಟಿತ್ತು. ಹೆಣ್ಣಿನ ಕಡೆಯವರು ‘ಹಂಗಾಮಿ’ ಎಂಬ ಶಬ್ದ ಕೇಳಿದೊಡನೆ ಅರ್ಧ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಹೂವಿನ ಹಿಪ್ಪರಗಿಯ ಖಂಡೆಪ್ಪನವರೊಬ್ಬರೇ ಪೂರ್ತಿ ಚಹಾ ಕುಡಿದು, ತಮ್ಮ ಮಗಳು ವಿಜಯಲಕ್ಷ್ಮಿಯನ್ನು ತೋರಿಸಿದವರು.

ತೋರಿಸಿದರು ಎಂಬುದು ಅವರ ಕಡೆಯ ಮಾತು. ಸಿದ್ದಲಿಂಗನಿಗೆ ಕಂಡದ್ದು ಒಂದು ಹಳದಿ ಸೀರೆ, ಅದರ ಮೇಲೊಂದು ಗೋಧಿಬಣ್ಣದ ಮೋಡ. ಮೋಡವು ಅವಲಕ್ಕಿಯ ಬಶಿ ಮುಂದಿಟ್ಟು, “ಖಾರ ಭಾಳ ಆತೇನ್ರಿ?” ಎಂದು ಕೇಳಿತ್ತು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು “ಇಲ್ರಿ, ಸಿಹಿ ಐತ್ರಿ” ಅಂದದ್ದಕ್ಕೆ ಮೋಡ ಕಿಸಕ್ಕನೆ ನಕ್ಕಿತ್ತು. ಅಂದಿನಿಂದ ಆ ನಗು ಅವನ ಕಿವಿಯಲ್ಲಿ ಮನೆ ಮಾಡಿತ್ತು. ಅದಕ್ಕೊಂದು ಮುಖ ಹಚ್ಚಿ ನೋಡಬೇಕು ಎಂಬ ಆಸೆಗೇ ಅವನು ಆ ದಿನ ಬೆಳಿಗ್ಗೆ ಕದ್ದು ಕಣ್ಣಿನ ಡಾಕ್ಟರರ ಹತ್ತಿರ ಹೋಗಿದ್ದು. ಕದ್ದು ಯಾಕೆಂದರೆ, ಮನೆ ಮಾಲಕಿ ಸಾವಂತ್ರವ್ವ ಮೊದಲೇ ಕಟ್ಟಪ್ಪಣೆ ಮಾಡಿದ್ದಳು: “ಅಕ್ಷತಾ ಬೀಳೂಮಟಾ ಚಸಮಾ ಹಾಕ್ಕೋಬ್ಯಾಡೋ ತಮ್ಮಾ. ವರಾ ಕುರುಡ ಅಂತಾರ.”

ಡಾಕ್ಟರರು ಹನಿ ಹಾಕಿ, “ಸಂಜೀತನಕ ಮಂಜು ಮಂಜು ಕಾಣ್ತೈತಿ, ಅಂಜಬ್ಯಾಡ್ರಿ” ಎಂದು ಕಳಿಸಿದರು. ಕಾಲೇಜಿನ ಗೇಟಿನಲ್ಲಿ ಜವಾನ ಕುತುಬುದ್ದೀನ ದಾರಿ ಕಾಯುತ್ತಿದ್ದ.

“ಲಗೂನ ನಡೀರಿ ಸರ, ಪ್ರಿನ್ಸಿಪಾಲರು ಕುಣ್ಯಾಕತ್ತಾರ!”

ಅಂದು ಮಾದಕ ವಸ್ತು ವಿರೋಧಿ ದಿನ. ಎಕ್ಸ್‌ಟಸಿ ಎಂಬ ಗುಳಿಗೆಯ ದುಷ್ಪರಿಣಾಮಗಳ ಕುರಿತು ಊರಿಗೆಲ್ಲ ತಿಳಿವಳಿಕೆ ಕೊಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ದೊಡ್ಡ ಶಹರಗಳಲ್ಲಿ ಹುಡುಗ ಹುಡುಗಿಯರು ಅದನ್ನು ನುಂಗಿ ಬೆಳತನಕ ಕುಣಿಯುತ್ತಾರಂತೆ. ಇಂಡಿಯಲ್ಲಿ ಜನ ಗುಳಿಗೆ ನುಂಗುವುದು ನೆಗಡಿ ಬಂದರೆ ಮಾತ್ರ. ಆದರೆ ಆದೇಶಕ್ಕೆ ಅದು ಗೊತ್ತಿರಲಿಲ್ಲ. ಭಾಷಣ ಮಾಡಬೇಕಿದ್ದ ವಿಜಾಪುರದ ತಜ್ಞರ ಜೀಪು ಝಳಕಿಯ ಹತ್ತಿರ ಕೆಟ್ಟು ನಿಂತಿತ್ತು. ಆ ತಜ್ಞರಿಗೆ ಭಾಷಣ ಬರೆದುಕೊಟ್ಟವನು ಹೇಗೂ ಸಿದ್ದಲಿಂಗನೇ.

“ಬರದಾವ್ರು ನೀವು, ಹೇಳೂದೇನ ಕಷ್ಟ?” ಎಂದರು ಪ್ರಿನ್ಸಿಪಾಲರು. “ಊರ ಹಿರ್ಯಾರು, ಪಾಲಕರು ಎಲ್ಲಾರೂ ಬಂದಾರ. ಅಂಜಬುರುಕನ ಗತೆ ನಿಲ್ಲಬ್ಯಾಡ್ರಿ. ಮಾರೀ ಮ್ಯಾಲ ಒಂದೀಟು ನಗು ಇರ್ಲಿ.”

ಸಿದ್ದಲಿಂಗ ನಗು ಇಟ್ಟುಕೊಂಡ. ಯಾರು ಯಾರೆಂದು ಕಾಣದ್ದರಿಂದ ಎಲ್ಲರಿಗೂ ಒಂದೇ ಸಮನಾಗಿ ನಕ್ಕ. ವೇದಿಕೆಯ ಕಂಬಕ್ಕೂ ನಕ್ಕ. ಅಧ್ಯಕ್ಷರಿಗೆ ಹಾಕಬೇಕಾದ ಹಾರವನ್ನು, ನೀರಿನ ತಂಬಿಗೆ ಹಿಡಿದು ಬಂದ ಕುತುಬುದ್ದೀನನ ಕೊರಳಿಗೆ ಹಾಕಿ, ಎರಡೂ ಕೈ ಹಿಡಿದು, “ತಮ್ಮಂಥಾವ್ರು ಬಂದದ್ದು ನಮ್ಮ ಪುಣ್ಯಾರಿ” ಎಂದ. ಕುತುಬುದ್ದೀನ ತಂಬಿಗೆ ಅಲ್ಲಿಯೇ ಇಟ್ಟು, ಹಾರದ ಸಮೇತ ಓಡಿಹೋದ.

ಭಾಷಣ ಸುರುವಾಯಿತು.

“ಬಂಧುಗಳೇ, ಈ ಗುಳಿಗೆ ನುಂಗಿದವನಿಗೆ ಮೊದಲು ಕಂಡಕಂಡವರ ಮೇಲೆಲ್ಲ ಪ್ರೀತಿ ಉಕ್ಕುತ್ತದೆ. ದೊಡ್ಡವರು ಸಣ್ಣವರು ಎಂಬ ಭೇದ ಉಳಿಯುವುದಿಲ್ಲ.”

ಸಭೆಯ ಕಣ್ಣೆಲ್ಲ ಬಾಗಿಲಲ್ಲಿ ನಿಂತ ಕುತುಬುದ್ದೀನನ ಕೊರಳ ಹಾರದ ಕಡೆ ಹೊರಳಿದವು.

“ದಣಿವು ತಿಳಿಯುವುದಿಲ್ಲ. ಹಸಿವು ಆಗುವುದಿಲ್ಲ. ನಿದ್ದೆ ಬರುವುದಿಲ್ಲ.”

“ಏ, ಇದು ಬೇಸಿ ಐತಲೇ!” ಎಂದ ನಡುವೆ ಕುಳಿತ ಒಬ್ಬ ರೈತ. “ಕಬ್ಬು ಕಡ್ಯಾಕ ಬರಾವ್ರಿಗೆ ಒಂದೊಂದು ಕೊಟ್ರ ಹೆಂಗ?”

“ನಿದ್ದೀನ ಬರ್ಲಿಲ್ಲಂದ್ರ ಮುಂಜಾನೆ ನನ್ನ ಚಾ ಯಾವ ಮಗ ಕುಡೀತಾನೋ?” ಎಂದ ಚಹಾದಂಗಡಿ ಬಾಬುಲಾಲ.

ಹಿಂದಿನ ಸಾಲಿನಿಂದ ಗಡಸು ದನಿಯೊಂದು ಬಂತು. “ಸರ, ಅದನ್ನ ನುಂಗಿದಾಂವ ಹೇಣ್ತೀನ ಬಡೀತಾನೇನ್ರಿ?”

ಸಿದ್ದಲಿಂಗ ಮಂಜಿನಂಥ ಸಭೆಯ ಕಡೆ ನೋಡಿ, ಶಾಸ್ತ್ರ ತಪ್ಪಬಾರದೆಂದು ಪ್ರಾಮಾಣಿಕವಾಗಿ ಉತ್ತರಿಸಿದ. “ಇಲ್ಲ. ಅಪ್ಪಿಕೊಳ್ಳುತ್ತಾನೆ.”

ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು.

“ಬಾಯಿ ಒಣಗುತ್ತದೆ” ಎನ್ನುತ್ತಲೇ ಅವನ ಬಾಯಿಯೂ ಒಣಗಿತು. ಅವನ ಕಿಡ್ನಿಯಲ್ಲೊಂದು ಹರಳಿತ್ತು. ತಾಸಿಗೊಮ್ಮೆ ತಂಬಿಗೆ ನೀರು ಕುಡಿಯದಿದ್ದರೆ ಅದು ಒಳಗಿನಿಂದ ಗುದ್ದುತ್ತಿತ್ತು. ತಂಬಿಗೆ ಎತ್ತಿ ಗಟಗಟ ಕುಡಿದ. ತಣ್ಣೀರು ಹುಳುಕು ದವಡೆಹಲ್ಲಿಗೆ ತಾಗಿ ಮಿಂಚು ಹೊಡೆದಂತಾಯಿತು. ಹಲ್ಲು ಕಟಕಟ ಕಡಿದು, ಮುಂದಿನ ಸಾಲನ್ನು ಮಾತು ತಪ್ಪದೆ ಹೇಳಿದ: “ದವಡೆ ಬಿಗಿಯುತ್ತದೆ. ಹಲ್ಲು ಕಡಿಯುತ್ತಾನೆ.”

ಮುಂದಿನ ಸಾಲಿನವರು ಕತ್ತು ಚಾಚಿ ಅವನ ದವಡೆ ನೋಡಿದರು.

“ಕಣ್ಣಿನ ಪಾಪೆ ಅಗಲವಾಗುತ್ತದೆ.”

ಮುಂದಿನ ಬೆಂಚಿನಿಂದ ಪ್ರಜ್ಞಾ ಎಂಬ ಹುಡುಗಿ ಎದ್ದು ನಿಂತಳು. ಕ್ಲಾಸಿಗೆ ಅವಳೇ ಮೊದಲ ನಂಬರು, ಅನುಮಾನ ಬಂದರೆ ತಡೆದುಕೊಳ್ಳುವವಳಲ್ಲ. “ಸರ, ಎಷ್ಟು ಅಗಲಾಗ್ತೈತ್ರಿ? ನಿಮ್ಮವು ಆಗ್ಯಾವಲ್ರಿ, ಅಷ್ಟೇನ್ರಿ?”

ಪಾಪೆ ಅಗಲಿಸಿದ ಹನಿಯ ವಿಷಯ ಅವನ ನಾಲಗೆಯ ತುದಿಗೆ ಬಂತು. ಕಣ್ಣಿನ ಸುದ್ದಿ ಹೇಳಿದರೆ ಅದು ಅವನಿಗಿಂತ ಮೊದಲು ಹಿಪ್ಪರಗಿಯ ಬಸ್ಸು ಹತ್ತುತ್ತದೆ. ನಾಲಗೆಯನ್ನು ಒಳಗೆ ಎಳೆದುಕೊಂಡು ಇನ್ನಷ್ಟು ನಕ್ಕ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಮೈಕು ಸತ್ತಿತು, ಅವನು ಮೇಲಿನಿಂದ ಕೆಳಗಿನವರೆಗೆ ಬೆವರಿದ. ಬೆವರುವುದೂ ಒಂದು ಲಕ್ಷಣವೆಂದು ಅವನು ಹೇಳಬೇಕಾಗಲಿಲ್ಲ. ಜನ ತಾವೇ ಹೇಳಿಕೊಂಡರು.

“ಅಪಾಯಗಳು ಈಗ ಸುರು!” ಎಂದು ಸಿದ್ದಲಿಂಗ ಗಂಟಲು ಹರಿದುಕೊಂಡ. “ಮೈ ಕಾದು ಕೆಂಡವಾಗುತ್ತದೆ! ಎದೆಬಡಿತ ತಪ್ಪುತ್ತದೆ! ಹುಚ್ಚು ಹಿಡಿದಂತೆ ನೀರು ಕುಡಿದರೆ ಅದೇ ಮಿದುಳಿಗೆ ಮುಳುವಾಗುತ್ತದೆ! ಗುಳಿಗೆಯೊಳಗೆ ಏನು ಬೆರೆಸಿದ್ದಾರೋ ಯಾರಿಗೂ ತಿಳಿಯದು! ಪ್ರಾಣ ಹೋದೀತು!”

“ಪಾಪ, ಏರೇತಿ” ಎಂದ ಬಾಬುಲಾಲ. “ಯಾರರ ತೆಲೀಗೆ ಲಿಂಬೀಹಣ್ಣ ತಿಕ್ರೆಪಾ.”

ಇಬ್ಬರು ರಟ್ಟೆ ಹಿಡಿದು ಇಳಿಸಿದರು. ಕನ್ನಡ ಉಪನ್ಯಾಸಕ ಸುನೀಲಕುಮಾರ ಅವನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು, ಮನೆಯ ದಾರಿಯಲ್ಲಿ ತಣ್ಣಗೆ ಒಂದು ಮಾತು ಹೇಳಿದ.

“ಹೇಣ್ತೀನ ಬಡೀತಾನೇನು ಅಂತ ಕೇಳಿದ್ರಲ್ಲ, ಅವ್ರು ಯಾರು ಗೊತ್ತಾತೇನ್ರಿ? ನಿಮ್ಮ ಮಾವ ಆಗಾವ್ರು. ಖಂಡೆಪ್ಪನವರು. ವರನ ಚಟಾ ವಿಚಾರಸಾಕ ಬಂದಿದ್ರಂತ.”

ಸಿದ್ದಲಿಂಗ ಸ್ಕೂಟರಿನಿಂದ ಬೀಳಲಿಲ್ಲ, ಬಿದ್ದಿದ್ದರೆ ಚೆನ್ನಾಗಿತ್ತು.

ಸುದ್ದಿ ಸ್ಕೂಟರಿಗಿಂತ ಮೊದಲು ಮನೆ ಮುಟ್ಟಿತ್ತು. ಸಾವಂತ್ರವ್ವ ಹೊಸ್ತಿಲಲ್ಲೇ ಮೊಣಕಾಲು ನೀವಿಕೊಳ್ಳುತ್ತ ಕುಳಿತಿದ್ದಳು. “ನೀ ನುಂಗಿದ್ದಕ್ಕ ನಾ ಏನ ಅನ್ನೂದಿಲ್ಲೋ ತಮ್ಮಾ. ದಣಿವು ತಿಳ್ಯೂದಿಲ್ಲಂತಲ್ಲ, ಒಂದು ತುಣುಕರ ಕೊಡು. ಸಂತೀಗೆ ಹೋಗಿ ಬರ್ತೇನಿ.”

“ಅವ್ವಾರ, ಅದು ಜೀವಾ ತಗೀತೈತ್ರಿ!”

“ನೀ ಅದೀಯಲ್ಲ ಬದುಕಿ?”

ಅವನು ಬಾಗಿಲು ಹಾಕಿಕೊಂಡು ಒಳಗೆ ಕುಳಿತ. ವಿಜಯಲಕ್ಷ್ಮಿಯ ನಗು ಕಿವಿಯಲ್ಲಿ ದೂರ ದೂರ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಕಣ್ಣಿನ ಮಂಜು ಕರಗಿತು. ಅದೇ ಹೊತ್ತಿಗೆ ಬಾಗಿಲು ಬಡಿದ ಸಪ್ಪಳವಾಯಿತು. ಹೊರಗೆ ಬಿಳಿ ಧೋತರ, ಹೆಗಲಿಗೊಂದು ಕೈಚೀಲ, ಖಂಡೆಪ್ಪನವರು.

“ನಿಮ್ಮ ಚಟದ ಸುದ್ದಿ ಮಾತಾಡಾಕ ಬಂದೇನಿ” ಎಂದು ಅವರು ಹೊರಸಿನ ಮೇಲೆ ಕುಳಿತರು.

ಸಿದ್ದಲಿಂಗ ಅವರಿಗೆ ಮುಂದೆ ಮಾತಾಡಲು ಬಿಡಲಿಲ್ಲ. ಮುಚ್ಚಿಟ್ಟದ್ದೇ ಮುಳುವಾಯಿತು, ಇನ್ನು ಖರೇ ಹೇಳುವುದೊಂದೇ ದಾರಿ ಎಂದು ಕಟ್ಟೆ ಒಡೆದ ಕೆರೆಯ ಹಾಗೆ ಹರಿದ. ಕಣ್ಣಿಗೆ ಹನಿ ಹಾಕಿದ ಡಾಕ್ಟರರ ಚೀಟಿ ತೋರಿಸಿದ. ಚಸಮಾ ಇಲ್ಲದೆ ಮಾರುದ್ದದ ಆಚೆ ಎಮ್ಮೆಯೂ ಎತ್ತೂ ಒಂದೇ ಎಂದು ಒಪ್ಪಿಕೊಂಡ. ಟ್ರಂಕಿನಿಂದ ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, “ಇಲ್ಲಿ ನೋಡ್ರಿ, ಹುಣಸೀಬೀಜದಷ್ಟು ಹರಳು! ಅದಕ್ಕ ನೀರು ಕುಡದದ್ದು!” ಎಂದ. ಬಾಯಿ ಹಾ ಎಂದು ತೆರೆದ. ಖಂಡೆಪ್ಪನವರು ಕಡ್ಡಿ ಗೀರಿ ಒಳಗೆ ಬಗ್ಗಿ ನೋಡಿದರು.

“ಪೂರಾ ಟೊಳ್ಳ ಆಗೇತಲ್ರಿ.”

“ಹೌದ್ರಿ! ಅದಕ್ಕ ಹಲ್ಲ ಕಡದೆ! ಬೆವರಿದ್ದು ಅಂಜಿಕೀಗೆ. ನಾಕು ಮಂದಿ ಮುಂದ ನಿಂತ್ರ ಸಾಕು, ಸಣ್ಣಾಂವ ಇದ್ದಾಗಿಂದನೂ ಹಿಂಗ ಬೆವರ್ತೇನ್ರಿ.”

ಕಡ್ಡಿ ಆರಿತು. ಖಂಡೆಪ್ಪನವರು ಅದನ್ನು ಹೊರಗೆಸೆದು ಮತ್ತೆ ಹೊರಸಿನ ಮೇಲೆ ಕುಳಿತರು.

“ಅಂದ್ರ ಗುಳಿಗಿ ನುಂಗೂದಿಲ್ಲಾ?”

“ಇಲ್ರಿ! ಕಣ್ಣೀಲೆ ಕಂಡಿಲ್ಲ!”

“ಒಂದರ? ಯಾವಾಗರ?”

“ನಿಮ್ಮ ಪಾದದಾಣಿ, ಇಲ್ರಿ!”

ಖಂಡೆಪ್ಪನವರು ನಿಟ್ಟುಸಿರು ಬಿಟ್ಟು ಕೈಚೀಲದೊಳಗೆ ಕೈ ಹಾಕಿದರು. ಹೊರಬಂದದ್ದು ಕುಂಕುಮದ ಭರಣಿ, ಸಕ್ಕರೆಯ ಪುಡಿಕೆ.

“ಲಗ್ನಾ ಗಟ್ಟಿ ಮಾಡಾಕಂತನ ಬಂದಿದ್ದೆ, ನೋಡ್ರಿ. ಹಿರೀ ಅಳಿಯಾ ಸೆರೆ ಕುಡ್ದು ಮಗಳ ಮೈ ಮುರೀತಾನ. ನಿಮ್ಮ ಭಾಷಣಾ ಕೇಳಿ ಎಸ್‌ಟಿಡಿ ಬೂತಿನಿಂದ ಮನೀಗೆ ಫೋನ್ ಹಚ್ಚಿದೆ. ಕುಡಿಯೂದಿಲ್ಲ, ಬಡಿಯೂದಿಲ್ಲ, ಎಲ್ಲಾರ್ನೂ ಅಪ್ಪಿಕೋತಾನ, ಗುಳಿಗೀದೊಂದು ಚಟಾ ಐತಿ ಅಂದೆ. ನಮ್ಮಾಕಿ ಹೂಂ ಅಂದ್ಲು. ವಿಜೂನೂ ನಕ್ಕಳು.”

“ನಕ್ಕರೇನ್ರಿ?” ಎಂದ ಸಿದ್ದಲಿಂಗ, ಉಸಿರು ಹಿಡಿದು. “ಆದ್ರ ಆ ಗುಳಿಗಿ ಭಾಳ ಅಪಾಯದ್ದು ಐತ್ರಿ...”

“ಅಪಾಯ ಅಂತನ ಬಿಡಸ್ತಿದ್ವಿ. ನಮ್ಮ ತಮ್ಮನ ಇಸ್ಪೀಟ ಬಿಡಿಸಿಲ್ಲೇನು? ಹೊಲದಾಗ ಆರು ತಿಂಗಳ ದುಡಿಸಿದ್ರ ಎಂಥಾ ಚಟಾನೂ ಹೋಗ್ತೈತಿ.” ಅವರು ಸಕ್ಕರೆಯ ಪುಡಿಕೆಯನ್ನು ಮೆಲ್ಲಗೆ ಚೀಲದೊಳಗೆ ಇಳಿಸಿದರು. “ಆದ್ರ ಕಣ್ಣ ಹ್ವಾದಾವು, ಹಲ್ಲ ಹ್ವಾದಾವು, ಹೊಟ್ಯಾಗ ಹರಳ, ಮ್ಯಾಲ ಅಂಜಬುರುಕ. ಇವನ್ನೆಲ್ಲಾ ನಾ ಎಲ್ಲಿ ಹೊಲಕ್ಕ ಕಳಿಸಿ ಬಿಡಿಸ್ಲೆಪಾ?”

ಸಿದ್ದಲಿಂಗ ಎಕ್ಸ್‌ರೇಯನ್ನು ಮೆಲ್ಲಗೆ ಟ್ರಂಕಿನೊಳಗೆ ಇಳಿಸಿದ.

ಖಂಡೆಪ್ಪನವರು ಚಪ್ಪಲಿ ಮೆಟ್ಟಿಕೊಂಡರು. ಹೊಸ್ತಿಲು ದಾಟಿದವರು ಏನೋ ನೆನಪಾದಂತೆ ತಿರುಗಿ ನಿಂತು, ಸಾವಂತ್ರವ್ವನಿಗೆ ಕೇಳದಂತೆ ದನಿ ಇಳಿಸಿದರು.

“ಸರ, ನೀವು ತಿಳದಾವ್ರು. ಇಂಡ್ಯಾಗ ಖರೇನ ಆ ಗುಳಿಗಿ ನುಂಗೂ ಹುಡುಗ ಯಾರರ ಇದ್ದರ, ನಮಗೊಂದು ಹೇಳಿ ಕಳಸ್ರಿ.”