ಪ್ರೇಮಮ್ಮನ ಸುತ್ತು

ಗಾಜಿನ ಎಳೆಯಲ್ಲಿ ಬೆಳಕು ಕಳಿಸುವ ಕಂಪನಿಯ ಇಂಜಿನಿಯರ್ ವಿಷ್ಣುಮೂರ್ತಿಗೆ ಆವತ್ತು ಬೆಳಕೇ ಕೈಕೊಟ್ಟಿತು. ಕೀಲ್ಪಾಕ್‌ನಲ್ಲಿ ಹೊರಟದ್ದು ಊರೆಲ್ಲ ಸುತ್ತಿ, ವಡಪಳನಿಯ ಅವನದೇ ಅಪಾರ್ಟ್‌ಮೆಂಟಿನ ತಾರಸಿ ಹಾದು, ಪೋರೂರಿನ ಆಫೀಸು ಮುಟ್ಟಬೇಕು. ಮುಟ್ಟಿದ್ದು ಮಾತ್ರ ಸಾಯೋ ಮಿಣುಕುಹುಳದಷ್ಟು.

"ಲೈನ್ ಸರಿಹೋದ್ರೆ ರಜಾ, ಇಲ್ಲದಿದ್ರೆ ಇಲ್ಲ," ಎಂದಿದ್ದರು ಮೇಲಧಿಕಾರಿ ಶ್ರೀನಾಥ್. ಮನೇಲಿ ಹೆಂಡತಿ ಊರ್ಮಿಳಾ, ತಂಗಿಯ ಮದುವೆಗೆಂದು ಮೈಸೂರಿನ ರೈಲಿಗೆ ಮೂಟೆ ಕಟ್ಟಿ ಕೂತಿದ್ದಳು.

"ದೂರ ಜಾಸ್ತಿ ಆಯ್ತೇನೋ," ಎಂದು ತಲೆ ಕೆರೆದುಕೊಂಡ ವಿಷ್ಣುಮೂರ್ತಿ, ಬೆಳಕಿಗೆ ಬಲ ಕೊಡುವ ಪೆಟ್ಟಿಗೆಯನ್ನು ಆಟೋದಲ್ಲಿ ತಂದು ತನ್ನ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಕೂರಿಸತೊಡಗಿದ. ಕೆಳಮನೆಯ ಪ್ರೇಮಮ್ಮ ಚಕ್ಕುಲಿ ಒತ್ತೋ ಕೈಯಲ್ಲೇ ಓಡಿಬಂದರು.

"ಏನ್ಪಾ ಇದು? ಶಾಕ್ ಗೀಕ್ ಹೊಡೆದ್ರೆ?"

"ಅದರಲ್ಲಿ ಕರೆಂಟಲ್ಲ ಆಂಟಿ, ಬರೀ ಬೆಳಕು ಹರಿಯೋದು."

"ಕೇಬಲ್ಲಲ್ಲಿ ಬೆಳಕಾ? ಆ ತಾರಸಿ ಮೇಲಿನದ್ರಲ್ಲೂನಾ?" ಎಂದವರ ಮುಖ ಯಾಕೋ ಸಣ್ಣಗಾಯಿತು.

ಪೆಟ್ಟಿಗೆ ಹಚ್ಚಿದ್ದೇ ಪೋರೂರು ಬೆಳಗಿತು. ಶ್ರೀನಾಥ್ "ಭೇಷ್" ಎಂದರು. ವಿಷ್ಣುಮೂರ್ತಿ ಚಪ್ಪಲಿ ಹಾಕಿ ಹೊರಡುವಷ್ಟರಲ್ಲಿ ಪೋರೂರಿನಿಂದ ಫೋನು: "ಸಾರ್, ಬೆಳಕು ಹೆಚ್ಚಾಗಿ ಮಿಷಿನ್ ಕಣ್ಣು ಮುಚ್ಚಿಕೊಂಡಿದೆ!"

"ಆಗ ಕಮ್ಮಿ, ಈಗ ಹೆಚ್ಚಾ?" ವಿಷ್ಣುಮೂರ್ತಿ ಕಕ್ಕಾಬಿಕ್ಕಿಯಾದ. ಊರ್ಮಿಳಾ ಗಡಿಯಾರವನ್ನೂ ಗಂಡನನ್ನೂ ಒಂದೇ ಕಣ್ಣಲ್ಲಿ ನೋಡಿದಳು.

ಅಷ್ಟರಲ್ಲಿ ಪ್ರೇಮಮ್ಮ ತಾರಸಿಯಿಂದ ಏದುಸಿರು ಬಿಡುತ್ತ ಇಳಿದರು. "ಬಿಚ್ಚಿಬಿಟ್ಟೆ ಕಣಪ್ಪ. ಬಟ್ಟೆ ಒಣಹಾಕೋಕೆ ಅಡ್ಡ ಅಂತ ಮಿಕ್ಕಿದ್ದ ಕೇಬಲ್ಲನ್ನ ಚಕ್ಕುಲಿ ಥರ ಬಿಗಿಯಾಗಿ ಸುತ್ತಿ ಮೊಳೆಗೆ ಕಟ್ಟಿದ್ದೆ. ಬೆಳಕು ಅಷ್ಟು ತಿರುವಲ್ಲಿ ಹೆಂಗೆ ನುಸುಳುತ್ತೆ, ಪಾಪ!"

ವಿಷ್ಣುಮೂರ್ತಿ ಹಣೆ ಹಣೆ ಚಚ್ಚಿಕೊಂಡ. ಬೆಳಕೆಲ್ಲ ಆ ಸುತ್ತಿನಲ್ಲೇ ಸೋರಿತ್ತು. ಪೆಟ್ಟಿಗೆಯೇ ಬೇಕಿರಲಿಲ್ಲ! ಕಿತ್ತು ಪಕ್ಕಕ್ಕಿಟ್ಟ, ಪೋರೂರು ಹಿತವಾಗಿ ಬೆಳಗಿತು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಖುಷಿ ತಾಳಲಾರದೆ ಶ್ರೀನಾಥರಿಗೆ ಫೋನು ಹಚ್ಚಿದ.

"ಪೆಟ್ಟಿಗೆ ಇಲ್ಲದೇನೇ ಅಷ್ಟು ದೂರ ಹೋಯ್ತಾ? ಶಭಾಷ್ ಮೂರ್ತಿ! ಹಿಂಗೇ ಮುಟ್ಟದಿರೋ ಲೈನು ಇನ್ನೂ ಬೇಕಾದಷ್ಟಿದೆ. ಇದು ನಿಮ್ಮ ಕೈಲೇ ಆಗೋದು. ರಜಾ ಆಮೇಲೆ ನೋಡೋಣ, ವೇಲಚೇರಿಗೆ ಈಗಲೇ ಹೊರಡಿ."

ಊರ್ಮಿಳಾ ಒಂದು ಮೂಟೆ ಮಾತ್ರ ಎತ್ತಿಕೊಂಡು ಆಟೋ ಹತ್ತಿದಳು.

"ನೀ ಹೋಗಮ್ಮ, ಇವನ ಊಟ ನನಗಿರಲಿ," ಎಂದು ಪ್ರೇಮಮ್ಮ ವಿಷ್ಣುಮೂರ್ತಿಯ ಮುಂದೆ ಬಿಸಿ ಚಕ್ಕುಲಿ ತಂದಿಟ್ಟರು. ಅವನು ಒಂದನ್ನೂ ತಿನ್ನಲಿಲ್ಲ. ಮುರಿದು ಮುರಿದು ತಟ್ಟೆಯಲ್ಲಿ ಉದ್ದಕ್ಕೆ ನೆಟ್ಟಗೆ ಜೋಡಿಸುತ್ತ ಕೂತ.