ಈ ವರ್ಷ ಹುಡುಗನಿಗೆ ಎಲ್ಲೈತೆ ಕೆಲಸ?

ನಮ್ಮ ದಾವಣಗೆರೆ ಮಿಲ್ ಓಣಿಯಾಗೆ ಯುಗಾದಿ ಬಂತಂದ್ರೆ, ಬೇವು-ಬೆಲ್ಲ ಕೈಗಿಡೋ ಮುಂಚೆ ಎಲ್ಲರೂ ಕೇಳೋ ಮಾತು ಒಂದೇ: "ಈ ವರ್ಷ ಎಲ್ಲೈತೆ ಕೆಲಸ?" ಹೋದ ವರ್ಷ ಮಿಲ್‌ನಾಗೆ ನೂಲು ತೆಗೀತಿದ್ದೋನು ಈ ವರ್ಷ ಆಟೋ ಓಡಿಸ್ತಿದ್ದ. ಆಟೋದೋನು ಗ್ಯಾರೇಜು ಸೇರಿದ್ದ. ಊರಿಗೆ ಊರೇ ಹಂಗೆ ಜಾಗ ಬದಲಾಯಿಸ್ತಿತ್ತು! ಅಂಥಾ ಕಾಲದಾಗೇ ನನ್ನ ಕಿರಿಮಗನಿಗೆ ಹೆಣ್ಣು ನೋಡೋ ಯೋಗ ನನಗೆ ಬಂತು. "ಹುಡುಗ ಏನ್ ಮಾಡ್ತಾನ್ರಿ?" ಅಂತ ಹೆಣ್ಣಿನೋರು ಕೇಳಿ, ನಾನು ಬಾಯಿ ತೆಗೆಯೋದ್ರೊಳಗೆ ಅವನ ಕೆಲಸ ಹೋಗಿರ್ತಿತ್ತು. ಇವನ ಲಗ್ನ ನೋಡ್ತೀನೋ ಇಲ್ಲೋ ಅನ್ನಂಗಾಗಿತ್ತು ನೋಡ್ರಿ!

ಸೈರನ್ ಕೂಗಲಿಲ್ಲ

ಮೊದಲು ಬಂದೋರು ಕುಕ್ಕುವಾಡದೋರು. ನಮ್ಮ ಕಡೆ ಹೆಣ್ಣು ಒಪ್ಪಿಗೆ ಆದಮೇಲೆ ಹೆಣ್ಣಿನೋರು ಮನೆ ನೋಡಾಕೆ ಬರ್ತಾರೆ. ಆಗ ಮಗ ಮಿಲ್‌ನಾಗಿದ್ದ. ನಾನು ಉಪ್ಪಿಟ್ಟು ಕೆದಕ್ತಾ ಭಾರೀ ಜಂಬದಿಂದ, "ಕೂಡ್ರಿ ಯಜಮಾನ್ರೇ, ಸೈರನ್ ಕೂಗಿದ ಕೂಡ್ಲೇ ಬಂದುಬಿಡ್ತಾನೆ" ಅಂದೆ.

ಕುಂತರು. ಉಪ್ಪಿಟ್ಟು ಆರಿತು. ಸೈರನ್ ಇಲ್ಲ. ಅಷ್ಟೊತ್ತಿಗೆ ಓಣಿ ತುಂಬ ಜನ ಬರಾಕೆ ಹತ್ತಿದ್ರು. "ನೋಡ್ರಿ, ಎಷ್ಟು ಮಂದಿಗೆ ಅನ್ನ ಹಾಕ್ತೈತೆ ನಮ್ಮ ಮಿಲ್!" ಅಂತ ಕಿಟಕಿಯಾಗಿಂದ ತೋರಿಸಿದೆ. ಅವರ ನಡುವೆ ನನ್ನ ಮಗನೂ ಬಂದ. ಬಾಗಿಲಾಗೇ ನಿಂತು, "ಅವ್ವಾ, ಮಿಲ್ ಬಾಗ್ಲ ಹಾಕಿದ್ರು" ಅಂದ.

ಕುಕ್ಕುವಾಡದ ಯಜಮಾನರು ಉಪ್ಪಿಟ್ಟಿನ ತಟ್ಟೆ ಮೆಲ್ಲಕೆ ಕೆಳಗಿಟ್ಟರು. "ಹುಡುಗ ಚಲೋ ಅದಾನ್ರಿ. ಸೈರನ್ ಕೂಗಲಿ, ಬರ್ತೀವಿ" ಅಂದು ಚಪ್ಪಲಿ ಮೆಟ್ಟಿದರು.

ಅದು ಇವತ್ತಿನವರೆಗೂ ಕೂಗಿಲ್ಲ.

ಮಸಿ ಹುಡುಗ

ಆಮೇಲೆ ಮಗ ಮಂಡಕ್ಕಿ ಭಟ್ಟಿ ಸೇರಿದ. ಇನ್ನೊಂದು ಕಡೆಯೋರು ಹೇಳದೆ ಕೇಳದೆ ಬಂದು ಕುಂತುಬಿಟ್ಟರು. ಇವನು ಭಟ್ಟಿಯಿಂದ ನೆಟ್ಟಗೆ ಒಳಗೆ ಬಂದ. ಮೈಯೆಲ್ಲ ಮಸಿ, ಕಣ್ಣೆರಡೇ ಬೆಳ್ಳಗೆ! ಹಿತ್ತಲಿಗೆ ಅಟ್ಟಿದೆ. ಮುಖ ತೊಳೆದು, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ಕುಂತ.

ಹೆಣ್ಣಿನ ಸೋದರತ್ತೆ ನನ್ನ ಕಿವಿಯಾಗೆ, "ಅಕ್ಕಾರೆ, ಈ ಹುಡುಗ ಆಗಬಹುದ್ರಿ. ಮೊದಲು ಬಂದಿದ್ನಲ್ಲ, ಆ ಕರಿಯೋನು ಮಾತ್ರ ಬ್ಯಾಡ" ಅಂದ್ಲು.

"ಇಬ್ಬರೂ ಒಬ್ಬನೇ ಕಣವ್ವಾ!" ಅಂದೆ.

ಆಕೆ ಅವನನ್ನೇ ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿ ಅಂದ್ಲು, "ಹಂಗಾದ್ರೆ ನಮ್ಮ ಹುಡುಗಿ ಸಂಜೆ ಬಾಗ್ಲ ತೆಗೆಯಂಗಿಲ್ಲ ಬಿಡ್ರಿ."

ಸುಳ್ಳು ಗೊತ್ತಿಲ್ಲದೋನು

ನಮ್ಮೂರು ಜಿಲ್ಲೆ ಆತು ನೋಡ್ರಿ, ಸಂದಿಗೊಂದು ಎಸ್‌ಟಿಡಿ ಬೂತು, ಮೂಲೆಗೊಂದು ಜೆರಾಕ್ಸ್ ಅಂಗಡಿ ಎದ್ದವು! ಮಗ ಒಂದು ಬೂತಿನಾಗೆ ಕುಂತ. ಇಸ್ತ್ರಿ ಕೆಡದ ಕೆಲಸ. ನನಗೋ ಕುಣಿಯಂಗಾತು.

ನಂದಿಗುಡಿಯಿಂದ ಒಂದು ಹೆಣ್ಣಿನ ಸೋದರಮಾವ ಗುಟ್ಟಾಗಿ ವಿಚಾರಿಸಾಕೆ ಬೂತಿಗೇ ಫೋನ್ ಮಾಡಿದ. ಎತ್ತಿದೋನು ನನ್ನ ಮಗ.

"ನಿಮ್ಮ ಬೂತಿನಾಗೆ ಕೂರೋ ಹುಡುಗ ಹೆಂಗ್ರಿ?"

"ಭಾಳ ಸಾದಾ ಹುಡುಗ್ರಿ."

"ಕುಡಿಯೋದು, ಇಸ್ಪೀಟು?"

"ಛೇ ಛೇ! ಸುಳ್ಳು ಹೇಳಾಕೆ ಸೈತ ಬರಂಗಿಲ್ಲ ರೀ ಅವನಿಗೆ."

"ಭಾಳ ಸಂತೋಷ ಆತು. ತಾವು ಯಾರು ಮಾತಾಡೋದು?"

"ನಾನೇ ರೀ, ಆ ಹುಡುಗ."

ಆ ಕಡೆ ಫೋನ್ ಟಕ್ ಅಂತು. ಸಂಜೆ ನಾನು ಹಣೆ ಹಣೆ ಬಡ್ಕೊಂಡೆ. "ಓನರ್ ಮಾತಾಡೋದು ಅನ್ನಬೇಕಿತ್ತಲ್ಲೋ ಮಂಕೆ!"

"ಹೆಂಗೆ ಅನ್ನಲವ್ವಾ? ಸುಳ್ಳು ಬರಂಗಿಲ್ಲ ಅಂತ ಆಗ್ಲೇ ಹೇಳಿಬಿಟ್ಟಿದ್ದೆ!"

ಥೇಟ್ ದೊಡ್ಡ ಅಳಿಯ

ಮುಂದಿನ ವರ್ಷ ಓಣಿಗೊಂದು ಇದ್ದ ಬೂತು ಮನೆಗೊಂದಾಗಿ, ಇವನ ಬೂತು ಮುಚ್ಚಿತು. ಹರಿಹರದ ಕಾರ್ಖಾನೆಯಾಗೆ ಕಾಂಟ್ರ್ಯಾಕ್ಟ್ ಕೆಲಸ ಸಿಕ್ತು. ದಿನಾ ಬೆಳಿಗ್ಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಡ್ತಿದ್ದೆ. "ಹರಿಹರಕ್ಕೆ ಹೋಗಿ ಬರ್ತೀನವ್ವಾ" ಅಂತ ಬಸ್ ಹತ್ತತಿದ್ದ.

ಅಲ್ಲೇ ಹರಿಹರದ ಹತ್ರ ಸಾರಥಿ ಅನ್ನೋ ಹಳ್ಳಿಯಾಗೆ ಒಂದು ಹೆಣ್ಣು ಸಿಕ್ತು. ದೀಪದಂಥ ಹುಡುಗಿ! ಇಬ್ಬರಿಗೂ ಒಪ್ಪಿಗೆ. ಹೆಣ್ಣಿನ ಅಪ್ಪನದು ಮಾತ್ರ ಒಂದೇ ಹಟ. "ನನ್ನ ದೊಡ್ಡ ಅಳಿಯ ಅದೇ ಕಾರ್ಖಾನೆಯಾಗೆ ಪರ್ಮನೆಂಟ್ ಅದಾನ್ರಿ. ಥೇಟ್ ಅವನಂಥೋನೇ ಬೇಕು ನನಗೆ." ಆ ದೊಡ್ಡ ಅಳಿಯನ್ನ ಕೇಳಿದ್ರೆ, "ಹುಡುಗ ನನಗೆ ಗೊತ್ತು ಮಾವಾರೆ. ದಿನಾ ನನ್ನ ಪಕ್ಕದಾಗೇ ಇರ್ತಾನೆ. ಒಂದು ದಿನ ತಪ್ಪಿಸಂಗಿಲ್ಲ" ಅಂದನಂತೆ. ಇನ್ನೇನು ಬೇಕ್ರಿ! ನಾನು ಮನಸಿನಾಗೇ ಚಪ್ಪರ ಹಾಕಿಬಿಟ್ಟೆ.

ಆದ್ರೂ ಲಗ್ನದ ದಿನ ಗೊತ್ತು ಮಾಡೋ ಮುಂಚೆ ಕಣ್ಣಾರೆ ನೋಡಬೇಕು ಅಂತ, ಹೆಣ್ಣಿನ ಅಪ್ಪ ಒಂದಿನ ಕಾರ್ಖಾನೆ ಗೇಟಿಗೆ ಹೋದ. ವಾಚ್‌ಮನ್ ನನ್ನ ಮಗನ ಹೆಸರು ಕೇಳಿ, "ಕೆಲಸ ಹೋದೋರೆಲ್ಲ ಆ ಹುಣಸೆ ಮರದ ಕೆಳಗೆ ಇರ್ತಾರೆ, ಅಲ್ಲಿ ನೋಡ್ರಿ" ಅಂದ.

ಹೋಗಿ ನೋಡ್ತಾನೆ, ನನ್ನ ಮಗ ರೊಟ್ಟಿ ಮುರೀತಾ ಕುಂತಾನೆ! ಕಾಂಟ್ರ್ಯಾಕ್ಟ್ ಮುಗಿದು ಎಷ್ಟೋ ದಿನ ಆಗಿತ್ತಂತೆ. ಮಗನ ಪಕ್ಕದಾಗಿದ್ದೋನು ಹೆಣ್ಣಿನ ಅಪ್ಪನ್ನ ನೋಡಿದ್ದೇ ತಡ, ಬುತ್ತಿ ಡಬ್ಬಿ ಮುಚ್ಚಳ ಮುಖಕ್ಕೆ ಅಡ್ಡ ಹಿಡಕೊಂಡ. ಈಗ ನೋಡ್ರಿ, ಲಗ್ನದಾಗೆ ಮಗಳಿಗೆ ಕೊಡೋ ಸ್ಟೀಲ್ ಪಾತ್ರೆಗೆಲ್ಲ ಹೆಸರು ಹಾಕಿಸೋದು ನಮ್ಮ ಪದ್ಧತಿ. ಮುಚ್ಚಳದ ಮೇಲೆ ಆ ಅಪ್ಪನ ದೊಡ್ಡ ಮಗಳ ಹೆಸರು ಬಿಸಿಲಿಗೆ ಫಳಫಳ ಹೊಳೀತಿತ್ತು!

"ಮುಚ್ಚಳ ಇಳಿಸ್ರಿ ಅಳಿಯಂದ್ರೆ, ಅದನ್ನ ಕೊಡಿಸಿದೋನು ನಾನೇ" ಅಂದ ಮಾವ.

ಆ ದೊಡ್ಡ ಅಳಿಯನ ವಿಭಾಗವೇ ಮುಚ್ಚಿ ಮನೆಗೆ ಕಳಿಸಿದ್ರಂತೆ, ಪಾಪ. ಪಕ್ಕದಾಗೇ ಇರ್ತಾನೆ ಅಂದಿದ್ದು ಮರದ ಕೆಳಗಿನ ಮಾತು!

ಮರುದಿನ ಹೆಣ್ಣಿನ ಅಪ್ಪ ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿದ. ಇದೂ ಮುರೀತು ಅನ್ಕೊಂಡು ಮಗನಿಗೆ, "ನನಗ್ಯಾಕ ಸುಳ್ಳು ಹೇಳಿದ್ಯೋ?" ಅಂತ ಬೈದೆ. "ಹರಿಹರಕ್ಕೆ ಹೋಗ್ತೀನಿ ಅಂದೆ, ಕೆಲಸಕ್ಕೆ ಅಂದಿದ್ನಾ?" ಅಂದ, ಸುಳ್ಳು ಬರದ ನನ್ನ ಬಂಗಾರ.

ಹೆಣ್ಣಿನ ಅಪ್ಪ ನಕ್ಕುಬಿಟ್ಟ! "ಬಿಡ್ರಿ ಅಕ್ಕಾರೆ. ಥೇಟ್ ದೊಡ್ಡ ಅಳಿಯನಂಥೋನು ಬೇಕು ಅಂದಿದ್ದೆ, ಸಿಕ್ಕ. ಊರಾಗೆ ಎಲ್ಲರೂ ಕಾರ್ಖಾನೆ ಅಂತ ಹರಿಹರಕ್ಕೆ ಓಡಿ, ನನ್ನ ಗದ್ದೆಗೆ ಆಳಿಲ್ಲ. ಇಬ್ಬರೂ ಅದೇ ಬುತ್ತಿ ತಗೊಂಡು ನಾಳೆಯಿಂದ ಸಾರಥಿಗೆ ಬರಲಿ. ಲಗ್ನ ಮಾಡೋಣ."

ಚಪ್ಪರ ಎದ್ದೇಬಿಡ್ತು! ಮುಂದಿನ ಯುಗಾದಿಗೆ ಮಗ-ಸೊಸೆ, ಬೀಗರು ಎಲ್ಲ ಬಂದಿದ್ರು. ಓಣಿಯೋರು ಬೇವು-ಬೆಲ್ಲ ಹಿಡಕೊಂಡು ಕೇಳಿಯೇ ಕೇಳಿದ್ರು, "ಈ ವರ್ಷ ಎಲ್ಲೈತಪ್ಪಾ ಕೆಲಸ?"

ಮಗ ಎದೆಯುಬ್ಬಿಸಿ, "ಸಾರಥಿಯಾಗೆ, ಅಳಿಯನ ಕೆಲಸ. ಈ ಸಲ ಪರ್ಮನೆಂಟ್!" ಅಂದ.

ಒಳಗಿಂದ ಬೀಗರ ದನಿ ಬಂತು: "ಕಾಂಟ್ರ್ಯಾಕ್ಟ್ ಅನ್ರಿ, ಕಾಂಟ್ರ್ಯಾಕ್ಟ್! ಕೊಯ್ಲು ಮುಗೀಲಿ, ಆಮೇಲೆ ನೋಡೋಣ!"