ಸಾಲು ಎಲ್ಲಿ ಮುರಿಯಬೇಕು?

ಜನ ದೊಡ್ಡ ದೊಡ್ಡ ಪ್ರಶ್ನೆಗಳಿಗೆ ತಲೆ ಕೆಡಿಸಿಕೊಳ್ಳುತ್ತಾರೆ. ಸತ್ತ ಮೇಲೆ ಏನು, ಹುಟ್ಟುವ ಮೊದಲು ಏನು ಎಂದು. ನನಗೆ ಅಂಥ ಉಸಾಬರಿ ಇಲ್ಲ. ನನ್ನನ್ನು ಇಷ್ಟು ಕಾಲ ಕಾಡಿದ್ದು ಒಂದು ಚಿಲ್ಲರೆ ಪ್ರಶ್ನೆ: ಬರೆಯುತ್ತಾ ಹೋದ ಸಾಲನ್ನು ಎಲ್ಲಿ ಮುರಿಯಬೇಕು? ಕಾಗದ ಮುಗಿದಲ್ಲಿ ಎಂದು ನೀವು ಥಟ್ಟನೆ ಹೇಳಿಬಿಡುತ್ತೀರಿ. ಅಷ್ಟು ಸಲೀಸಾಗಿದ್ದರೆ ನಾನು ಹೀಗೇಕೆ ಆಗುತ್ತಿದ್ದೆ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅಜ್ಜ ಮೋಡಿ ಲಿಪಿಯಲ್ಲಿ ಮರಾಠಿ ಬರೆಯುತ್ತಿದ್ದರು. ಕಾಗದದ ಈ ಅಂಚಿನಿಂದ ಆ ಅಂಚಿನವರೆಗೆ ಮೊದಲು ಒಂದು ಗೆರೆ ಎಳೆದು, ಆಮೇಲೆ ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕಿದಂತೆ ಅಕ್ಷರಗಳನ್ನು ಅದಕ್ಕೆ ನೇತುಹಾಕುತ್ತಾ ಹೋಗುವರು. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎನ್ನುವುದು ಅವರಿಗೊಬ್ಬರಿಗೇ ಗೊತ್ತು. ಎಷ್ಟೋ ಸಲ ಅವರಿಗೂ ಗೊತ್ತಾಗುತ್ತಿರಲಿಲ್ಲ. ಆಗ ಚಾಳೀಸು ಒರೆಸಿಕೊಂಡು ಶಾಯಿಯನ್ನು ಬೈಯುತ್ತಿದ್ದರು.

ಇಂಥ ಮನೆತನದಲ್ಲಿ ಹುಟ್ಟಿದ ನಾನು ಟೈಪಿಸ್ಟ್ ಆದೆ. ಎಪ್ಪತ್ತರ ದಶಕದ ಮೊದಲಲ್ಲಿ ಹುಮನಾಬಾದಿನ ಒಂದು ಸರ್ಕಾರಿ ಕಚೇರಿಗೆ ಕನ್ನಡದ ಟೈಪ್‌ರೈಟರ್ ಬಂತು, ಅದರ ಹಿಂದೆಯೇ ನಾನೂ ಬಂದೆ. ಯಂತ್ರಕ್ಕೆ ಸಿಕ್ಕ ಸ್ವಾಗತ ನನಗೆ ಸಿಗಲಿಲ್ಲ. ಅದಕ್ಕೆ ಕುಂಕುಮ ಹಚ್ಚಿದರು, ನನಗೆ ಕುರ್ಚಿ ಹುಡುಕಿದರು. ಟೈಪ್‌ರೈಟರನ್ನು ಕಂಡವರಿಗೆ ಗೊತ್ತು, ಸಾಲಿನ ಕೊನೆ ಹತ್ತಿರವಾದಾಗ ಅದು 'ಟಿಣ್' ಎಂದು ಗಂಟೆ ಹೊಡೆಯುತ್ತದೆ. ಇನ್ನು ಕೆಲವೇ ಅಕ್ಷರಕ್ಕೆ ಜಾಗ ಉಂಟು, ಬೇಗ ಮುಗಿಸಿಕೊಳ್ಳಪ್ಪಾ ಎಂದು ಅದರ ಅರ್ಥ. ಇಂಗ್ಲಿಷಿನ ಪುಟ್ಟ ಪದಗಳಾದರೆ ಮುಗಿಸಿಕೊಳ್ಳಬಹುದು. ನಮ್ಮ ಸರ್ಕಾರಿ ಕನ್ನಡದಲ್ಲಿ 'ಕಾರ್ಯರೂಪಕ್ಕೆ ತರತಕ್ಕದ್ದೆಂದು' ಎಂದು ಶುರು ಮಾಡಿದವನಿಗೆ ಗಂಟೆ ಹೊಡೆದರೆ ಅವನು ಏನು ಮಾಡಬೇಕು? ನಾನು ಕೈಗೆ ಸಿಕ್ಕಲ್ಲಿ ಪದವನ್ನು ಮುರಿದು, ಉಳಿದ ತುಂಡನ್ನು ಕೆಳಗಿನ ಸಾಲಿಗೆ ತಳ್ಳುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಯಾರೂ ಓದುತ್ತಿರಲಿಲ್ಲ.

ಓದಿದವರು ಒಬ್ಬರೇ, ನಮ್ಮ ಹೆಡ್ ಕ್ಲಾರ್ಕ್ ರಶೀದ್ ಸಾಹೇಬರು. ನಿಜಾಮನ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು, ಜಗಳವನ್ನಂತೂ ಇನ್ನೂ ಚೆನ್ನಾಗಿ ಆಡುತ್ತಿದ್ದರು. ಆದರೆ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಯ ಕಾಗದಗಳೆಲ್ಲ ಕನ್ನಡಕ್ಕೆ ತಿರುಗುವಾಗ ಅವರ ತಲೆಗೂದಲು ಬೆಳ್ಳಗಾಗಿತ್ತು. ಆ ವಯಸ್ಸಿನಲ್ಲಿ ಅಕ್ಷರ ಕಲಿತದ್ದರಿಂದ ಒಂದೊಂದನ್ನೇ ಬೆರಳಿಟ್ಟು ಓದುವರು, ಸಾಲು ಮುಗಿದೊಡನೆ ನಿಂತು ಉಸಿರು ಬಿಡುವರು. ಅವರ ಲೆಕ್ಕದಲ್ಲಿ ಸಾಲು ಮುಗಿಯಿತೆಂದರೆ ಮಾತೂ ಮುಗಿಯಿತು.

ಇದು ನನಗೆ ತಿಳಿದದ್ದು ಒಂದು ಸುತ್ತೋಲೆಯ ದಿನ. ಮೇಲಿನವರು ತಪಾಸಣೆಗೆ ಬರುವವರಿದ್ದರು. ಉಪಚಾರದ ವ್ಯವಸ್ಥೆಯನ್ನು ನಾನು ಟೈಪ್ ಮಾಡಿ ಸಾಹೇಬರ ಮುಂದೆ ಇಟ್ಟೆ. ಅವರು ಬೆರಳಿಟ್ಟು ಗಟ್ಟಿಯಾಗಿ ಓದಿದರು: "ಬರುವ ಅಧಿಕಾರಿಗಳಿಗೆ ಮೋಸ." ನಿಂತರು. ಉಸಿರು ಬಿಟ್ಟರು. ಚಾಳೀಸಿನ ಮೇಲಿಂದ ನನ್ನನ್ನು ನೋಡಿ, "ಯಾರು ಮಾಡಾಕತ್ತಾರಪಾ?" ಎಂದು ಮೆಲ್ಲಗೆ ಕೇಳಿದರು. ಮೋಸವನ್ನು ಯಾರೂ ಮಾಡುತ್ತಿರಲಿಲ್ಲ. ಅದು ಮೋಸಂಬಿ ರಸ. ಯಂತ್ರದಲ್ಲಿ ಸೊನ್ನೆಗೆ ಬೇರೆಯೇ ಕೀಲಿ ಇದ್ದುದರಿಂದ, ಗಂಟೆ ಹೊಡೆದ ಗಾಬರಿಯಲ್ಲಿ ಸೊನ್ನೆಯೂ 'ಬಿ'ಯೂ ಕೂಡಿ ಕೆಳಗಿನ ಸಾಲಿಗೆ ಇಳಿದುಬಿಟ್ಟಿದ್ದವು.

ಸಾಹೇಬರಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಉರ್ದುವಿನಲ್ಲಿ ಸಾಲಿನ ಕೊನೆಗೆ ಜಾಗ ಉಳಿದರೆ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆದು ತುಂಬಿಸುತ್ತಾರಂತೆ, ಕಡಿಮೆ ಬಿದ್ದರೆ ಕೊನೆಯ ಪದವನ್ನು ಮಿಕ್ಕವುಗಳ ಹೆಗಲ ಮೇಲೆ ಕೂರಿಸುತ್ತಾರಂತೆ. ನಿಮ್ಮ ಅಕ್ಷರಕ್ಕೆ ಬಾಲ ಇಲ್ಲವೇ ಎಂದು ಕೇಳಿದರು. ನಮ್ಮ ಅಕ್ಷರ ಲಾಡುವಿನ ಹಾಗೆ ಗುಂಡಗಿದೆ, ಎಳೆದರೆ ಒಡೆಯುತ್ತದೆ ಎಂದೆ. ಆ ಮಧ್ಯಾಹ್ನವೆಲ್ಲ ಇಬ್ಬರೂ ಕೆಲಸ ಬಿಟ್ಟು ಇದನ್ನೇ ಚರ್ಚಿಸಿದೆವು. ಸರ್ಕಾರ ನಡೆಯುವುದೇನೂ ನಿಲ್ಲಲಿಲ್ಲ.

ಹೀಗೆ ನಗುನಗುತ್ತಾ ಇದ್ದ ಸಂಗತಿ ಸಾಹೇಬರ ನಿವೃತ್ತಿ ಹತ್ತಿರ ಬಂದಾಗ ಬೇರೆಯಾಯಿತು. ಹೊಸದಾಗಿ ಬಂದಿದ್ದ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ, ಬೀಳ್ಕೊಡುಗೆಯ ದಿನ ನೀವು ಕಾಗದ ಗೀಗದ ಓದುವ ತೊಂದರೆ ತೆಗೆದುಕೊಳ್ಳಬೇಡಿ, ನಿಮ್ಮ ಪರವಾಗಿ ಟೈಪಿಸ್ಟ್ ಓದುತ್ತಾನೆ ಎಂದರು. ಸಾಹೇಬರು ತಲೆಯಾಡಿಸಿ ಹೊರಗೆ ಬಂದರು, ನನ್ನ ಮೇಜಿನ ಹತ್ತಿರ ಕೂತರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಬಾಯಿಪಾಠ ಮಾಡಿ ಒಪ್ಪಿಸಿಬಿಡಿ, ಯಾರಿಗೆ ತಿಳಿಯುತ್ತದೆ ಎಂದೆ.

"ಬಾಯಿಪಾಠ ಮಾಡಿದ್ರ ಓದಿದಂಗ ಆತೇನ್ರಿ? ನಾ ಈ ಊರಾಗ ಹುಟ್ಟಿದಾಂವ. ಒಂದೇ ಒಂದು ಸಲ ಎಲ್ಲಾರ ಮುಂದ ಕನ್ನಡ ಓದಿ ಮನೀಗಿ ಹೋಗ್ತೀನಿ."

ಅಂದಿನಿಂದ ನಾನು ಸಾಲು ಮುರಿಯುವ ವಿದ್ಯೆಯನ್ನು ಗಂಭೀರವಾಗಿ ಹಿಡಿದೆ. ಅವರು ತಮ್ಮ ಮಾತನ್ನು ಹೇಳುವರು, ನಾನು ಗಂಟೆಯ ಮಾತು ಕೇಳದೆ ಅವರ ಉಸಿರಿನ ಮಾತು ಕೇಳುವೆ. ಉಸಿರು ನಿಂತಲ್ಲಿ ಸಾಲು ನಿಲ್ಲಬೇಕು. ಒಂದು ಸಾಲು ಗೇಣುದ್ದ, ಇನ್ನೊಂದು ಬೆರಳುದ್ದ. ಹಾಳೆಯ ಬಲಗಡೆ ಇಲಿ ಕಡಿದ ರೊಟ್ಟಿಯಂತಾಯಿತು. ಅಧಿಕಾರಿ ಅದನ್ನು ಕಂಡು, ನೀವು ಪದ್ಯವನ್ನೂ ಬರೆಯುತ್ತೀರಾ ಎಂದು ಕೇಳಿದರು. ಹೌದೆಂದುಬಿಟ್ಟೆ. ಕಚೇರಿಯ ಕಾಗದ ದಂಡವಾಯಿತೆಂದು ಬೈಸಿಕೊಳ್ಳುವುದಕ್ಕಿಂತ ಕವಿ ಅನ್ನಿಸಿಕೊಳ್ಳುವುದು ವಾಸಿ ಅನ್ನಿಸಿತು.

ಈ ಹುಚ್ಚು ಮನೆಗೂ ಬಂತು. ಮಾಣಿಕನಗರದಲ್ಲಿ ನಮ್ಮದು ಬಾಡಿಗೆ ಮನೆ. ಹೆಂಡತಿ ಶಾಂತಾ ಮಾತಾಡುವಾಗ ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ಕಿವಿಗೊಟ್ಟು ಕೂರುತ್ತಿದ್ದೆ. ತವರಿನ ವಿಷಯ ಬಂದರೆ ಅವಳು ಉಸಿರೇ ತೆಗೆದುಕೊಳ್ಳುವುದಿಲ್ಲ ಎನ್ನುವುದನ್ನು ಆಗ ಕಂಡುಹಿಡಿದೆ. ಅವಳು ಹೇಳಿದ ಕೆಲಸ ಒಂದೂ ನನ್ನ ತಲೆಗೆ ಹೋಗುತ್ತಿರಲಿಲ್ಲ. "ಊಟಕ್ಕ ಕರಿಯಾಕೂ ಗಂಟಿ ಹೊಡೀಬೇಕೇನ್ರಿ ನಿಮಗ?" ಎಂದು ಒಂದು ದಿನ ತಾಟನ್ನು ನೆಲಕ್ಕೆ ಕುಕ್ಕಿಯೇ ಇಟ್ಟಳು.

ಬೀಳ್ಕೊಡುಗೆಯ ದಿನ ಬಂತು. ಕಚೇರಿಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಅಧಿಕಾರಿ, ಸಿಬ್ಬಂದಿ, ಸಾಹೇಬರ ಮನೆಯವರು ಎಲ್ಲ ನೆರೆದಿದ್ದರು. ಪದ್ಧತಿಯಂತೆ ನಾವು ಮೊದಲು ಮಾತಾಡಬೇಕಿತ್ತು. ಸಾಹೇಬರು ಮಾತ್ರ, ಎದೆ ಬಡಿಯಾಕತ್ತದ, ನಂದು ಮೊದಲು ಮುಗೀಲಿ ಎಂದು ಎದ್ದು ನಿಂತರು. ಬೆರಳಿಟ್ಟರು. ಓದಿದರು. ಸಾಲು ಮುಗಿದಲ್ಲಿ ಮಾತೂ ಮುಗಿಯಿತು, ಉಸಿರು ಬಿಟ್ಟಲ್ಲಿ ಅರ್ಥವೂ ಬಿಡುವು ಕೊಟ್ಟಿತು. ಅವಸರವಿಲ್ಲದ ಆ ಓದಿಗೆ ಅದೆಂಥ ಘನತೆ ಬಂದಿತ್ತೆಂದರೆ, ಅಧಿಕಾರಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಹಾಳೆಯನ್ನು ಮಡಚಿ ಶೇರವಾನಿಯ ಜೇಬಿನಲ್ಲಿ ಇಟ್ಟುಕೊಂಡರು. ನನಗೆ ಕಣ್ಣು ತುಂಬಿ ಬಂತು, ಅದರ ಜೊತೆಗೆ ಸ್ವಲ್ಪ ಸೊಕ್ಕೂ ಬಂತು.

ಆ ಸೊಕ್ಕಿನಲ್ಲೇ ನಾನು ಸಿಬ್ಬಂದಿಯ ಪರವಾಗಿ ಮಾತಾಡಲು ಎದ್ದೆ. ಸಾಹೇಬರ ಹಾಳೆಯನ್ನು ತಿದ್ದಿ ತಿದ್ದಿ ಟೈಪ್ ಮಾಡುವುದರಲ್ಲೇ ದಿನ ಕಳೆದು, ನನ್ನದನ್ನು ಆ ಬೆಳಿಗ್ಗೆಯಷ್ಟೇ ತೆಳು ಕಾಗದದ ಮೇಲೆ ಗಂಟೆ ಹೊಡೆದಂತೆ ಹೊಡೆದು ತಂದಿದ್ದೆ. ದೊಡ್ಡ ದನಿಯಲ್ಲಿ ಪೀಠಿಕೆ ಮುಗಿಸಿ, ಪುಟದ ಕೊನೆಗೆ ಬಂದು, "ಇನ್ನು ನಾನು ಮನಸ್ಸು ಬಿಚ್ಚಿ ಹೇಳುವುದಾದರೆ, ನಮ್ಮ ರಶೀದ್ ಸಾಹೇಬರನ್ನು ಕುರಿ" ಎಂದೆ. ಅಲ್ಲಿಗೆ ಹಾಳೆ ಮುಗಿದಿತ್ತು. ಬೆವರಿಗೆ ಎರಡೂ ಹಾಳೆಗಳು ಅಂಟಿಕೊಂಡಿದ್ದವು. ಉಗುರಿನಿಂದ ಕೆರೆದೆ, ಬಿಡಲಿಲ್ಲ. ಪಡಸಾಲೆಯ ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಧಿಕಾರಿ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು.

ಸಾಹೇಬರು ಮಾತ್ರ ನಗಲಿಲ್ಲ. ಕೈಕಟ್ಟಿ ಕೂತು, ಬಹಳ ಸಮಾಧಾನದಿಂದ, "ಹಾಳಿ ತಿರುವ್ರಿ. ಮನೀಗಿ ಹೋಗೂದ್ರೊಳಗ ಮನಷ್ಯಾ ಆಗ್ಬೇಕಲ್ರಿ ನಾ" ಎಂದರು.

ಹಾಳೆ ಬಿಟ್ಟುಕೊಂಡಿತು. ಹಿಂದಿನ ಪುಟದಲ್ಲಿ ಜಾಗ ಸಿಗದ 'ಕುರಿತು'ವಿನ 'ತು' ಎರಡನೆಯ ಹಾಳೆಯ ನೆತ್ತಿಯ ಮೇಲೆ ಒಂಟಿಯಾಗಿ ಕೂತಿತ್ತು. ಸಾಹೇಬರ ಮನೆಮಾತಿನಲ್ಲಿ 'ತು' ಎಂದರೆ 'ನೀನು', ಅದೂ ಏಕವಚನ. ನಾನು ಅವರ ಮುಖ ನೋಡುತ್ತಲೇ ಅದನ್ನು ಗಟ್ಟಿಯಾಗಿ ಓದಿದೆ.